ಸುಗ್ಗಿಯ ತರುವಾಯ ಎಂಜಿನ್ನಿನ ಆರೈಕೆ

ಬಾದಾಮಿ, ಹುನಗುಂದ ಸೀಮೆಯಲ್ಲಿ ಕಡಲೆ, ಬಿಳಿಜೋಳಗಳ ರಾಶಿ ಮುಗಿದು, ಮಲಪ್ರಭೆಯಿಂದ ನೀರೆತ್ತುತ್ತಿದ್ದ ಸಣ್ಣ ಪೆಟ್ರೋಲ್ ಪಂಪಿಗೂ ದಾಳಿಂಬೆ ತೋಟದಲ್ಲಿ ಔಷಧ ಸಿಂಪಡಿಸುತ್ತಿದ್ದ ಬೆನ್ನಿನ ಯಂತ್ರಕ್ಕೂ ವಿರಾಮ ದೊರೆಯುವ ಈ ಕಾಲದಲ್ಲಿ, ಅವುಗಳನ್ನು ಇದ್ದಂತೆಯೇ ಮೂಲೆಗೆ ಸೇರಿಸಬಾರದೆಂದು ರೈತಬಾಂಧವರಲ್ಲಿ ನನ್ನ ವಿನಂತಿ.

ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುತ್ತದೆ. ನಮ್ಮ ಬಾಗಲಕೋಟೆ ಜಿಲ್ಲೆಯ ಕಬ್ಬಿನಿಂದಲೂ ಉತ್ಪನ್ನವಾಗುವ ಈ ದ್ರವವು ಗಾಳಿಯ ತೇವವನ್ನು ಹೀರುವ ಸ್ವಭಾವದ್ದಾದುದರಿಂದ, ತಿಂಗಳುಗಟ್ಟಲೆ ನಿಂತ ಇಂಧನವು ಟಾಕಿಗೆ ತುಕ್ಕು ಹಿಡಿಸಿ, ಕಾರ್ಬ್ಯುರೇಟರಿನ ಕೂದಲೆಳೆಯಂಥ ರಂಧ್ರದಲ್ಲಿ ಅಂಟಾಗಿ ಕುಳಿತು, ಮಿರಗದ ಮಳೆ ಬಂದಾಗ ಹಗ್ಗವನ್ನು ಎಷ್ಟು ಜಗ್ಗಿದರೂ ಎಂಜಿನ್ ಏಳದಂತೆ ಮಾಡಬಲ್ಲದು.

ಆದಕಾರಣ ಎಂಜಿನ್ ತಣ್ಣಗಿರುವಾಗ ಬಯಲಿನಲ್ಲಿಯೇ ಪೆಟ್ರೋಲನ್ನು ಬಸಿದು ದೂರವಿರಿಸಿ, ಉಳಿದ ಅಲ್ಪಾಂಶವು ಉರಿದು ಯಂತ್ರವು ತಾನಾಗಿ ನಿಲ್ಲುವವರೆಗೆ ಓಡಿಸಿರಿ. ಅದು ಆರಿದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದಿದ್ದ ತೂತಿನೊಳಗೆ ಒಂದು ಸಣ್ಣ ಚಮಚೆ ಎಂಜಿನ್ ಎಣ್ಣೆ ಹೊಯ್ದು, ಹಗ್ಗವನ್ನು ಮೆಲ್ಲನೆ ಒಂದೆರಡು ಬಾರಿ ಎಳೆದು, ಪ್ಲಗ್ಗನ್ನು ಪುನಃ ಕೂಡಿಸಿರಿ. ಇಳಕಲ್ಲಿನ ಅಂಗಡಿಗಳ ಪುಟ್ಟ ಜನರೇಟರಿಗೂ ಇದೇ ಉಪಚಾರ ಸಲ್ಲುವುದು.

ಬಸಿದ ಪೆಟ್ರೋಲನ್ನು ಕುಡಿಯುವ ನೀರಿನ ಬಾಟಲಿಯಲ್ಲಿಡುವ ರೂಢಿಯಂತೂ ಅತ್ಯಂತ ಭಯಾನಕವಾದುದು. ಬಾಯಾರಿದ ಮಗುವಿಗೆ ಅದರ ಭೇದ ತಿಳಿಯದು. ಬೈಕಿನ ಟಾಕಿಗೆ ಹೊಯ್ದು ಮುಗಿಸಿಬಿಡುವುದೇ ಲೇಸು. ಆದರೆ ಎಣ್ಣೆ ಬೆರೆಸಿದ ಪೆಟ್ರೋಲಾಗಿದ್ದರೆ ಹಾಗೆ ಮಾಡಲಾಗದು. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದುದರಿಂದ ಕಣ್ಣಿಗೆ ಬೀಳದೆ ನೆಲದುದ್ದಕ್ಕೂ ಹರಿದು ಒಲೆಯನ್ನು ಮುಟ್ಟಬಲ್ಲದಷ್ಟೆ? ಅಡುಗೆಮನೆಯ ಒತ್ತಿನಲ್ಲಾಗಲಿ, ಕಣಿಕೆಯ ಬಣವೆಯ ಬಳಿಯಲ್ಲಾಗಲಿ ಯಂತ್ರವನ್ನು ಇಡದೆ, ಗಾಳಿಯಾಡುವ ಕೊಠಡಿಯಲ್ಲಿ ಹಲಗೆಯ ಮೇಲಿರಿಸಿ, ಬೆವರು ಕಟ್ಟುವ ಪ್ಲಾಸ್ಟಿಕ್ಕಿನ ಬದಲು ಹಳೆಯ ನೂಲಿನ ಬಟ್ಟೆ ಹೊದಿಸಿರಿ.