ಒಂದು ಕಣ ಧೂಳು, ಉದ್ದದ ಗೆರೆ

ಮಕ್ಕಳೇ, ವಿದ್ಯಾರ್ಥಿವೇತನಕ್ಕೆಂದು ಅಂಕಪಟ್ಟಿಯನ್ನು ಸ್ಕ್ಯಾನ್ ಮಾಡಿಸಿದಿರಿ. ಮೂಲ ಪ್ರತಿ ಸ್ವಚ್ಛವಾಗಿದೆ. ಸ್ಕ್ಯಾನ್ ಆದ ಪ್ರತಿಯಲ್ಲಿ ಮಾತ್ರ ನಿಮ್ಮ ಹೆಸರನ್ನು ಸೀಳಿಕೊಂಡು ಮೇಲಿನಿಂದ ಕೆಳಗಿನವರೆಗೆ ಕಪ್ಪು ಗೆರೆ! ಯಂತ್ರ ಕೆಟ್ಟಿದೆಯೇ?

ಖಾಸಬಾಗದ ಮಗ್ಗಗಳನ್ನು ನೋಡಿದ್ದೀರಲ್ಲ. ಹಾಸಿನ ಒಂದೇ ಎಳೆ ಹರಿದರೂ, ಗಂಟು ಹಾಕುವ ತನಕ ಸೀರೆಯ ಉದ್ದಕ್ಕೂ ಗೆರೆ ಬೀಳುತ್ತದೆ. ಇಲ್ಲಿಯೂ ಹಾಗೆಯೇ. ಹಾಳೆಯನ್ನು ಒಳಗೆಳೆದುಕೊಳ್ಳುವ ಸ್ಕ್ಯಾನರಿನಲ್ಲಿ ಬೆಳಕನ್ನು ಗ್ರಹಿಸುವ ಪಟ್ಟಿ ನಿಂತಲ್ಲೇ ಇರುತ್ತದೆ, ಹಾಳೆ ಸಾಗುತ್ತದೆ. ಇಂಚಿಗೆ 300 ಸಾಲಿನಂತೆ ಓದಿದರೆ ಎ4 ಹಾಳೆಗೆ ಸುಮಾರು 3,500 ಸಾಲು. ನಡುವಿನ ಕಿರಿದಾದ ಗಾಜಿಗೆ ಧೂಳು ಅಂಟಿದರೆ ಪ್ರತಿ ಸಾಲಿನಲ್ಲೂ ಅದೇ ಜಾಗದಲ್ಲಿ ಚುಕ್ಕೆ! ಹಾಳೆಯನ್ನು ಗಾಜಿನ ಮೇಲೆ ಮಲಗಿಸುವ ಸ್ಕ್ಯಾನರಿನಲ್ಲಾದರೋ ಪಟ್ಟಿಯೇ ಚಲಿಸುತ್ತದೆ. ಗಾಜಿನ ಮೇಲಿನ ಧೂಳು ಬರೀ ಒಂದು ಚುಕ್ಕೆಯಾಗಿ ಕಾಣುತ್ತದೆ.

ಸ್ವಿಚ್ ಆರಿಸಿ, ಶಿಕ್ಷಕರ ಎದುರಿನಲ್ಲೇ ಮೆತ್ತನೆಯ ಒಣ ಬಟ್ಟೆಯಿಂದ ಆ ಕಿರುಗಾಜನ್ನು ಒರೆಸಿ. ಮತ್ತೆ ಸ್ಕ್ಯಾನ್ ಮಾಡಿ ನೋಡಿ.