ಹಿಮ್ಮುಖ ಒತ್ತಡ ಮತ್ತು ಹರಿವಿನ ವೇಗ: ರೋಟರಿ ಎಂಜಿನ್ ಕಲಿಸುವ ಪಾಠ

ಉದ್ದೇಶ: ಜೊತೆಯಾಗಿ ಕಾಣಿಸಿಕೊಳ್ಳುವ ಎರಡು ಸಂಗತಿಗಳಲ್ಲಿ ಯಾವುದು ಕಾರಣ, ಯಾವುದು ಕೇವಲ ಸಹಚಾರಿ ಎಂಬುದನ್ನು ವಿದ್ಯಾರ್ಥಿಗಳು ಪ್ರಯೋಗದಿಂದ ಬೇರ್ಪಡಿಸಿ ತಿಳಿಯುವುದು.

ಪೀಠಿಕೆ

ಹೊಗೆ ಕೊಳವೆ ಮತ್ತು ಸೈಲೆನ್ಸರ್‌ಗಳು ಅನಿಲದ ಹರಿವಿಗೆ ಒಡ್ಡುವ ತಡೆಯಿಂದ ಎಂಜಿನ್ನಿನ ಕಡೆಗೆ ಉಂಟಾಗುವ ಒತ್ತಡವೇ ಹಿಮ್ಮುಖ ಒತ್ತಡ. ಎಂಜಿನ್ನಿಗೆ ಇದು ಸ್ವಲ್ಪವಾದರೂ ಇರಬೇಕೆಂಬ ನಂಬಿಕೆ ವಾಹನ ಮಾರ್ಪಡಿಸುವವರಲ್ಲಿ ವ್ಯಾಪಕವಾಗಿದೆ. ಅತಿ ಅಗಲದ ಕೊಳವೆ ಜೋಡಿಸಿದಾಗ ಕಡಿಮೆ ವೇಗದಲ್ಲಿ ವಾಹನದ ಎಳೆತ ಕುಗ್ಗುವುದುಂಟು. ಅದನ್ನು ಕಂಡವರು ಒತ್ತಡ ಇಳಿದದ್ದೇ ಕಾರಣವೆಂದು ತೀರ್ಮಾನಿಸುತ್ತಾರೆ. ಈ ತೀರ್ಮಾನವನ್ನು ಪರೀಕ್ಷಿಸಲು ರೋಟರಿ ಎಂಜಿನ್ ಉತ್ತಮ ನಿದರ್ಶನ.

ವಿಷಯ ನಿರೂಪಣೆ

ಜರ್ಮನಿಯ ಫೆಲಿಕ್ಸ್ ವಾಂಕೆಲ್ ಅವರ ಕಲ್ಪನೆಯ ಈ ಎಂಜಿನ್ 1957ರಲ್ಲಿ ಎನ್‌ಎಸ್‌ಯು ಕಂಪನಿಯಲ್ಲಿ ಮೊದಲು ಚಾಲನೆಗೊಂಡಿತು. ಜಪಾನಿನ ಮಾಜ್ದಾ ಕಂಪನಿ 1967ರಲ್ಲಿ ಎರಡು ರೋಟರ್‌ಗಳ ಕಾಸ್ಮೊ ಸ್ಪೋರ್ಟ್ ಕಾರನ್ನು ಮಾರುಕಟ್ಟೆಗೆ ತಂದಿತು. ಇಂತಹ ಎಂಜಿನ್ನಿನಲ್ಲಿ ಮೇಲೆ ಕೆಳಗೆ ಚಲಿಸುವ ಪಿಸ್ಟನ್ ಇಲ್ಲ, ಕವಾಟಗಳೂ ಇಲ್ಲ. ಮೂರು ಮೂಲೆಗಳ ರೋಟರ್ ತಿರುಗುತ್ತ ಗೋಡೆಯಲ್ಲಿರುವ ದ್ವಾರಗಳನ್ನು ತಾನೇ ತೆರೆದು ಮುಚ್ಚುತ್ತದೆ.

ಮಾಜ್ದಾ ಆರ್‌ಎಕ್ಸ್-7 ಕಾರಿನಲ್ಲಿ ನಿರ್ಗಮ ದ್ವಾರವು ರೋಟರನ್ನು ಸುತ್ತುವರಿದ ಗೋಡೆಯಲ್ಲಿದೆ. ಹೊಗೆ ಹೊರಹೋಗುವುದು ಮುಗಿಯುವ ಮುನ್ನವೇ ಹೊಸ ಮಿಶ್ರಣದ ದ್ವಾರ ತೆರೆಯುವುದರಿಂದ ಸ್ವಲ್ಪ ಕಾಲ ಎರಡೂ ತೆರೆದಿರುತ್ತವೆ. ಆಗ ಹಿಮ್ಮುಖ ಒತ್ತಡ ಹೆಚ್ಚಿದ್ದರೆ ಸುಟ್ಟ ಅನಿಲ ಒಳಗೇ ಉಳಿದು ಹೊಸ ಮಿಶ್ರಣದೊಡನೆ ಬೆರೆಯುತ್ತದೆ; ದಹನ ಕೆಡುತ್ತದೆ, ಶಕ್ತಿ ಕುಗ್ಗುತ್ತದೆ. ಆದುದರಿಂದ ಹಿಮ್ಮುಖ ಒತ್ತಡ ಈ ಎಂಜಿನ್ನಿಗೆ ಮಿತ್ರನಲ್ಲ.

ಹಾಗಾದರೆ ಅಗಲದ ಕೊಳವೆಯಲ್ಲಿ ಎಳೆತ ಕುಗ್ಗುವುದೇಕೆ? ಅಲ್ಲಿ ಒತ್ತಡದೊಡನೆ ಅನಿಲದ ವೇಗವೂ ಇಳಿದಿರುತ್ತದೆ. ತಕ್ಕ ವ್ಯಾಸದ ಕೊಳವೆಯಲ್ಲಿ ವೇಗವಾಗಿ ಸಾಗುವ ಅನಿಲದ ಪ್ರತಿಯೊಂದು ಮಿಡಿತವೂ ತನ್ನ ಹಿಂದೆ ಕಡಿಮೆ ಒತ್ತಡವನ್ನು ಉಳಿಸಿ, ಮಿಕ್ಕ ಹೊಗೆಯನ್ನು ಸೆಳೆದುಕೊಳ್ಳುತ್ತದೆ. ಕಳೆದುಹೋದದ್ದು ಈ ಸೆಳೆತ; ದೊರೆತ ಹೆಸರು ಮಾತ್ರ ಒತ್ತಡದ್ದು.

ತಡೆ ತೆಗೆದರೆ ಸಾಕೆಂಬುದೂ ಸರಿಯಲ್ಲ. ಟರ್ಬೋಚಾರ್ಜರ್ ಇರುವ ಆರ್‌ಎಕ್ಸ್-7ರಲ್ಲಿ ಹೊಗೆಯ ದಾರಿಯನ್ನು ಪೂರ್ತಿ ತೆರೆದರೆ ಟರ್ಬೋ ಒಳನೂಕುವ ಗಾಳಿ ಮಿತಿ ಮೀರಬಹುದು. ಅದಕ್ಕೆ ತಕ್ಕಷ್ಟು ಇಂಧನ ದೊರೆಯದಿದ್ದರೆ ಅಕಾಲಿಕ ಸ್ಫೋಟಗಳುಂಟಾಗಿ ರೋಟರಿನ ಮೂಲೆಗಳ ಮುದ್ರೆಪಟ್ಟಿಗಳು ಮುರಿಯುತ್ತವೆ. ಒಂದು ಅಂಗದ ಬದಲಾವಣೆ ಇಡೀ ವ್ಯವಸ್ಥೆಯನ್ನು ಮುಟ್ಟುತ್ತದೆ.

2003ರಲ್ಲಿ ಬಂದ ಆರ್‌ಎಕ್ಸ್-8ರ ತಂತ್ರಜ್ಞರು ನಿರ್ಗಮ ದ್ವಾರಗಳನ್ನು ಪಕ್ಕದ ಗೋಡೆಗಳಿಗೆ ಸ್ಥಳಾಂತರಿಸಿ, ಎರಡು ದ್ವಾರಗಳು ಒಟ್ಟಿಗೆ ತೆರೆದಿರುವುದನ್ನೇ ತಪ್ಪಿಸಿದರು. ಒತ್ತಡವನ್ನು ಕೂಡಿಸುವುದು ಅವರ ಪರಿಹಾರವಾಗಿರಲಿಲ್ಲ. ಸುಟ್ಟ ಅನಿಲ ಬೆರೆಯುವ ಮೂಲಕಾರಣವನ್ನೇ ಅವರು ಸರಿಪಡಿಸಿದರು.

ತರಗತಿಯ ಚಟುವಟಿಕೆ

ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ಸ್ಟ್ರಾ ಮತ್ತು ಎರಡು ಬೆರಳು ಹಿಡಿಯುವಷ್ಟು ಅಗಲವಾಗಿ ಸುತ್ತಿದ ಕಾಗದದ ಕೊಳವೆ ಕೊಡಬೇಕು. ಎರಡರಿಂದಲೂ ಗೇಣು ದೂರದ ಕಾಗದದ ಚೂರನ್ನು ಊದಿಸಬೇಕು. ಸ್ಟ್ರಾದಲ್ಲಿ ಕೆನ್ನೆಗೆ ತಡೆ ತಿಳಿಯುತ್ತದೆ, ಗಾಳಿಯೂ ರಭಸದಿಂದ ಹೊರಡುತ್ತದೆ. ತಡೆಯೇ ರಭಸಕ್ಕೆ ಕಾರಣವೆಂದು ಹಲವರು ಹೇಳುವರು. ಆಗ ಅದೇ ಸ್ಟ್ರಾದ ಹೊರತುದಿಗೆ ಸ್ವಲ್ಪ ಹತ್ತಿ ತುರುಕಿ ಪುನಃ ಊದಿಸಬೇಕು. ತಡೆ ಹೆಚ್ಚಾಗಿದೆ, ಆದರೆ ರಭಸ ಉಡುಗಿದೆ. ಇಲ್ಲಿ ಶಿಕ್ಷಕರು ಉತ್ತರ ಹೇಳದೆ ಮಕ್ಕಳ ಮಾತಿಗೆ ಕಾಯುವುದು ಲೇಸು.

ಪ್ರಶ್ನೆಗಳು

1. ಹತ್ತಿ ತುರುಕಿದ ಸ್ಟ್ರಾ ಯಾವ ನಂಬಿಕೆಯನ್ನು ಅಲ್ಲಗಳೆಯುತ್ತದೆ?
2. ಎರಡೂ ದ್ವಾರಗಳು ಒಟ್ಟಿಗೆ ತೆರೆದಿರುವಾಗ ಹಿಮ್ಮುಖ ಒತ್ತಡದಿಂದಾಗುವ ಹಾನಿಯೇನು?
3. ಜೊತೆಯಾಗಿ ನಡೆಯುವುದರಿಂದಲೇ ಕಾರಣವೆಂದು ಭಾವಿಸಲಾಗುವ ಒಂದು ಸಂಗತಿಯನ್ನು ನಿಮ್ಮ ಊರಿನ ಜೀವನದಿಂದ ಆರಿಸಿ, ಅದನ್ನು ಪರೀಕ್ಷಿಸುವ ಬಗೆಯನ್ನು ಬರೆಯಿರಿ.