ಜಾತ್ರೆ ಬ್ಯಾನರಿಗೆ ಎಂಥ ಕಂಪ್ಯೂಟರ್?

ಬೇವೂರಿನ ತಮ್ಮಾ,

ಬ್ಯಾನರ್, ಲಗ್ನಪತ್ರಿಕೆಯ ಜೊತೆಗೆ ಕಿನ್ನಾಳದ ಕಟ್ಟಿಗೆ ಗೊಂಬೆಗಳನ್ನೂ ಕಂಪ್ಯೂಟರಿನಲ್ಲಿ ಬಿಡಿಸಬೇಕೆಂಬ ನಿನ್ನ ಆಸೆ ಓದಿ ಖುಷಿಯಾಯಿತು.

ದುಬಾರಿ ಗ್ರಾಫಿಕ್ಸ್ ಕಾರ್ಡ್ ಸದ್ಯಕ್ಕೆ ಬೇಡ. 16 ಜಿಬಿ ರ್‍ಯಾಮ್, ಎಸ್‌ಎಸ್‌ಡಿ ಮೊದಲು ನೋಡು. 6×4 ಅಡಿಯ ಫ್ಲೆಕ್ಸನ್ನು ಇಂಚಿಗೆ 100 ಪಿಕ್ಸೆಲ್‌ನಂತೆ ಮಾಡಿದರೆ 7200×4800 ಪಿಕ್ಸೆಲ್. ಮುದ್ರಣದ ಸಿಎಂವೈಕೆ ಬಣ್ಣಗಳಲ್ಲಿ ತುಂಬಿದ ಒಂದೊಂದು ಲೇಯರಿಗೂ ಸುಮಾರು 138 ಎಂಬಿ. ಹತ್ತು ಲೇಯರ್ ಆದರೆ 8 ಜಿಬಿ ಯಂತ್ರ ಏದುಸಿರು ಬಿಡಬಹುದು. ಉಳಿದ ದುಡ್ಡಿಗೆ ಐಪಿಎಸ್ ಮಾನಿಟರ್, ಪೆನ್ ಟ್ಯಾಬ್ಲೆಟ್. ಯುಪಿಎಸ್ ಮಾತ್ರ ಬಿಡಬೇಡ. ಕರೆಂಟ್ ಹೋಗಿ ಇಡೀ ರಾತ್ರಿಯ ಕೆಲಸ ಕಳೆದುಕೊಂಡ ಸಂಕಟ ನನಗೆ ಗೊತ್ತು.

ಚಿತ್ರಕ್ಕೆ ಕ್ರಿಟಾ, ಅಕ್ಷರ-ಅಂಚುಗಳಿಗೆ ಇಂಕ್‌ಸ್ಕೇಪ್, ಎರಡೂ ಉಚಿತ. ಕಿನ್ನಾಳದ ಚಿತ್ರಗಾರರು ಕಟ್ಟಿಗೆಗೆ ಮೊದಲು ಬಿಳಿ ಬಳಿದು ಆಮೇಲೆ ಬಣ್ಣ ಹಚ್ಚುವಂತೆ, ನೀನೂ ತಳದ ಬಣ್ಣ, ಮೈಬಣ್ಣ, ಕಣ್ಣು, ಒಡವೆಗಳನ್ನು ಬೇರೆ ಬೇರೆ ಲೇಯರಿನಲ್ಲಿಡು. ಒಡವೆಯ ಹಳದಿ ತಪ್ಪಿದರೂ ಮುಖ ಕೆಡುವುದಿಲ್ಲ.

ಫೋಟೋಶಾಪಿನಲ್ಲಿ ‘ಜಾತ್ರೆ’ಯ ಒತ್ತು ಕಳಚಿ ಪಕ್ಕಕ್ಕೆ ಬೀಳುತ್ತದೆ ಎಂದಿದ್ದೀಯಲ್ಲ, ಅದು ಯಂತ್ರದ ದೋಷವಲ್ಲ. ಯೂನಿಕೋಡ್ ಅಕ್ಷರಕ್ಕೆ ವರ್ಲ್ಡ್-ರೆಡಿ ಲೇಔಟ್ ಆಯ್ದುಕೋ. ಬಲೂ ತಮ್ಮ, ನೋಟೋ ಸಾನ್ಸ್ ಕನ್ನಡ ಫಾಂಟುಗಳು ಪುಕ್ಕಟೆ ಸಿಗುತ್ತವೆ. ಹಳೆಯ ನುಡಿ ಫಾಂಟಿನ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಂಡ ಮೇಲೆ ‘ರ್ಕ’, ‘ಕ್ಷ್ಮಿ’ಗಳನ್ನು ಒಮ್ಮೆ ಕಣ್ಣಾರೆ ನೋಡು. ಮುದ್ರಣಕ್ಕೆ ಕಳಿಸುವಾಗ ಅಕ್ಷರಗಳನ್ನು ಪಾತ್ ಮಾಡಿ ಪಿಡಿಎಫ್ ಕೊಡು, ತಿದ್ದಬಹುದಾದ ಮೂಲ ಪ್ರತಿ ನಿನ್ನ ಬಳಿಯೇ ಇರಲಿ.